ಕಾಲವಲಯಗಳ ಹೆಸರುಗಳೂ ಗಣಕಯಂತ್ರವೂ

"ಈಗ ಗಂಟೆ ಎಷ್ಟು?" ಎಂಬುದಕ್ಕಿಂತ ಸುಲಭವಾದ ಪ್ರಶ್ನೆ ಇಲ್ಲವೆಂದು ನಾವೆಲ್ಲರೂ ಭಾವಿಸುತ್ತೇವೆ. ಗೋಡೆಯ ಗಡಿಯಾರವನ್ನೋ ಕೈಯಲ್ಲಿರುವ ಫೋನನ್ನೋ ನೋಡಿ ಉತ್ತರ ಹೇಳಿದರೆ ಕೆಲಸ ತೀರಿತು. ಆದರೆ ಕೇಳುವವನು ಒಂದು ದೇಶದಲ್ಲಿಯೂ ಹೇಳುವವನು ಇನ್ನೊಂದು ದೇಶದಲ್ಲಿಯೂ ಇದ್ದರೆ ಆ ಉತ್ತರ ಅರ್ಧ ಉತ್ತರ ಮಾತ್ರ. "ಯಾವ ಊರಿನ ಗಂಟೆ?" ಎಂಬ ಮತ್ತೊಂದು ಪ್ರಶ್ನೆ ಅದರ ಬೆನ್ನ ಹಿಂದೆಯೇ ಬರುತ್ತದೆ.

ಕಾಲೇಜಿನ ಒಬ್ಬ ವಿದ್ಯಾರ್ಥಿಗೆ ಹೊರದೇಶದ ವಿಶ್ವವಿದ್ಯಾಲಯವೊಂದರಿಂದ ಇಂತಹ ಓಲೆ ಬಂದಿದೆಯೆಂದು ಇಟ್ಟುಕೊಳ್ಳೋಣ: "ನಿಮ್ಮ ಸಂದರ್ಶನವು ಶುಕ್ರವಾರ ಸಂಜೆ 6 ಗಂಟೆಗೆ, ಐ.ಎಸ್.ಟಿ." ನಮ್ಮ ವಿದ್ಯಾರ್ಥಿ ಇದನ್ನು ಭಾರತದ ಪ್ರಮಾಣ ಕಾಲವೆಂದೇ ಓದುತ್ತಾನೆ. ಓಲೆ ಬಂದುದು ಡಬ್ಲಿನ್ ನಗರದಿಂದಾದರೆ ಆ ಅಕ್ಷರಗಳ ಅರ್ಥ ಐರ್ಲೆಂಡಿನ ಪ್ರಮಾಣ ಕಾಲ. ಆಗ ಸಂದರ್ಶನ ನಡೆಯುವುದು ನಮ್ಮ ರಾತ್ರಿ ಹತ್ತೂವರೆಗೆ. ಜೆರುಸಲೇಮಿನಿಂದ ಬಂದುದಾದರೆ ಅದು ಇಸ್ರೇಲಿನ ಪ್ರಮಾಣ ಕಾಲ. ಆಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಮೂರು ಅಕ್ಷರ ಒಂದೇ, ಗಂಟೆ ಮೂರು. ಮನುಷ್ಯನಾದರೆ ಮರಳಿ ಓಲೆ ಬರೆದು ವಿಚಾರಿಸಿಯಾನು. ಅಂತಹ ಸಾವಿರಾರು ಓಲೆಗಳನ್ನು ಓದಿ ಗಂಟೆಯನ್ನು ಲೆಕ್ಕ ಹಾಕುವ ಗಣಕಯಂತ್ರ ಏನು ಮಾಡಬೇಕು? ಈ ಪ್ರಶ್ನೆಯನ್ನು ಇಂದು ವಿದ್ಯಾರ್ಥಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಗೆ ಬಿಡಿಸಿಕೊಂಡಿತೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಒಂದೇ ಸೂರ್ಯ, ಹಲವು ಮಧ್ಯಾಹ್ನ

ಭೂಮಿ 24 ಗಂಟೆಗಳಲ್ಲಿ 360 ಅಂಶಗಳಷ್ಟು ಸುತ್ತುತ್ತದೆ. ಆದುದರಿಂದ ಒಂದು ಗಂಟೆಗೆ 15 ಅಂಶ, ಒಂದು ಅಂಶಕ್ಕೆ 4 ನಿಮಿಷ. ಭಾರತದ ಪ್ರಮಾಣ ಕಾಲ ಪೂರ್ವ ರೇಖಾಂಶ ಎಂಬತ್ತೆರಡೂವರೆಗೆ ಹೊಂದಿಕೊಂಡದ್ದು. ಬೆಂಗಳೂರು ಇರುವುದು ಸುಮಾರು 77.6ರಲ್ಲಿ. ವ್ಯತ್ಯಾಸ 4.9 ಅಂಶ, ಅದನ್ನು ನಾಲ್ಕರಿಂದ ಗುಣಿಸಿದರೆ ಸುಮಾರು 20 ನಿಮಿಷ. ಎಂದರೆ, ಸರಾಸರಿ ಲೆಕ್ಕದಲ್ಲಿ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಬರುವಾಗ ನಮ್ಮ ಗಡಿಯಾರ 12 ಗಂಟೆ 20 ನಿಮಿಷವನ್ನು ತೋರಿಸುತ್ತಿರುತ್ತದೆ. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ಕೋಲ್ಕತ್ತದಲ್ಲಾದರೋ ಹನ್ನೆರಡಕ್ಕೆ 23 ನಿಮಿಷ ಇರುವಾಗಲೇ ಮಧ್ಯಾಹ್ನ.

ಎತ್ತಿನ ಗಾಡಿಯ ಕಾಲದಲ್ಲಿ ಈ ವ್ಯತ್ಯಾಸ ಯಾರನ್ನೂ ಬಾಧಿಸಲಿಲ್ಲ. ರೈಲು ಬಂದ ಮೇಲೆ ಬಾಧಿಸಿತು. ಊರೂರಿಗೂ ಬೇರೆ ಗಂಟೆಯಿದ್ದರೆ ರೈಲಿನ ವೇಳಾಪಟ್ಟಿಯನ್ನು ಬರೆಯುವುದು ಹೇಗೆ? ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿಯೇ ಲಂಡನ್ನಿನ ಗಂಟೆಯನ್ನು ತನ್ನ ದಾರಿಯುದ್ದಕ್ಕೂ ಬಳಸತೊಡಗಿತು. 1884ರಲ್ಲಿ ವಾಷಿಂಗ್‌ಟನ್ ನಗರದಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ಚಿನ ಮೇಲೆ ಹಾಯುವ ರೇಖೆಯನ್ನು ಸೊನ್ನೆಯ ರೇಖಾಂಶವೆಂದು ಒಪ್ಪಿದರು. ಭಾರತದಲ್ಲಿ ಆ ವರೆಗೆ ರೈಲುಗಳು ಮದರಾಸಿನ ಕಾಲವನ್ನು ಅನುಸರಿಸುತ್ತಿದ್ದವು. ಅದು ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದೆ. 1906ರ ಜನವರಿ 1ರಿಂದ ಐದೂವರೆ ಗಂಟೆಯ ಪ್ರಮಾಣ ಕಾಲ ಜಾರಿಗೆ ಬಂದಿತು. ಆದರೂ ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ಹಳೆಯ ಗಂಟೆಗಳನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ಮುಂಬಯಿ ಕಾಲ ಪ್ರಮಾಣ ಕಾಲಕ್ಕಿಂತ 39 ನಿಮಿಷ ಹಿಂದೆ ಇದ್ದಿತು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಡಿಯಾರದ ಗಂಟೆಯನ್ನು ಗೊತ್ತುಮಾಡುವುದು ಸೂರ್ಯನಲ್ಲ. ಸರ್ಕಾರದ ಆಜ್ಞೆ ಮತ್ತು ಜನರ ರೂಢಿ. ಸೂರ್ಯನ ಚಲನೆಯನ್ನು ಸೂತ್ರದಿಂದ ಕಂಡುಹಿಡಿಯಬಹುದು. ಸರ್ಕಾರದ ಆಜ್ಞೆಗೆ ಸೂತ್ರವಿಲ್ಲ; ಅದನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ.

ಸಂಕ್ಷೇಪಾಕ್ಷರಗಳ ದೋಷ

ಕಾಲಕ್ಕೆ ಹೆಸರಿಡುವ ಮೊದಲನೆಯ ವಿಧಾನ ಮೂರು ನಾಲ್ಕು ಅಕ್ಷರಗಳ ಸಂಕ್ಷೇಪ. ಇದರ ದೋಷವನ್ನು ಐ.ಎಸ್.ಟಿ. ಎಂಬುದರಲ್ಲಿ ಆಗಲೇ ಕಂಡೆವು. ಸಿ.ಎಸ್.ಟಿ. ಎಂಬುದು ಇನ್ನೂ ಅಪಾಯಕಾರಿ. ಅದು ಅಮೆರಿಕದ ನಡುಭಾಗದ ಕಾಲವೂ ಹೌದು, ಚೀನಾದ ಕಾಲವೂ ಹೌದು. ಮೊದಲನೆಯದು ಗ್ರೀನಿಚ್ಚಿಗಿಂತ 6 ಗಂಟೆ ಹಿಂದೆ, ಎರಡನೆಯದು 8 ಗಂಟೆ ಮುಂದೆ; ನಡುವೆ 14 ಗಂಟೆಗಳ ಅಂತರ. ಬಿ.ಎಸ್.ಟಿ. ಎಂದರೆ ಬ್ರಿಟನ್ನಿನ ಬೇಸಗೆ ಕಾಲವೂ ಆಗಬಹುದು, ಬಾಂಗ್ಲಾದೇಶದ ಪ್ರಮಾಣ ಕಾಲವೂ ಆಗಬಹುದು.

ಪೈಥಾನ್ ಭಾಷೆಯೊಡನೆಯೇ ಸಿದ್ಧವಾಗಿ ಬರುವ ಉಪಕರಣಗಳ ಸಮೂಹಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ಬರೆದಿರುವ ದಿನಾಂಕ ಮತ್ತು ಗಂಟೆಯನ್ನು ಓದಿಕೊಳ್ಳಲು ಅದರಲ್ಲಿ ಸ್ಟ್ರಿಪಿಟೈಮ್ ಎಂಬ ಸಾಧನವಿದೆ. ಅದಕ್ಕೆ ಕಾಲದ ಹೆಸರನ್ನು ಓದೆಂದು ಸೂಚನೆ ಕೊಡಬಹುದು. ಆದರೆ ಅದು ಒಪ್ಪುವ ಹೆಸರುಗಳು ಬಹಳ ಕಡಮೆ. ಯು.ಟಿ.ಸಿ., ಜಿ.ಎಂ.ಟಿ. ಮತ್ತು ಆ ಯಂತ್ರ ಇರುವ ಊರಿನ ಸ್ವಂತ ಸಂಕ್ಷೇಪಗಳು, ಇಷ್ಟೆ. ಧಾರವಾಡದ ಯಂತ್ರದಲ್ಲಿ ಐ.ಎಸ್.ಟಿ. ಎಂಬುದನ್ನು ಒಪ್ಪಿಕೊಂಡ ಕ್ರಮವಿಧಿಯನ್ನೇ ನ್ಯೂಯಾರ್ಕಿನ ಯಂತ್ರದಲ್ಲಿ ಓಡಿಸಿದರೆ, ಇದು ನನಗೆ ತಿಳಿಯದ ಹೆಸರು ಎಂದು ನಿಂತುಬಿಡುತ್ತದೆ. ಇನ್ನೊಂದು ವಿಷಯವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಹೆಸರನ್ನು ಒಪ್ಪಿಕೊಂಡಾಗಲೂ ಸಹ, ಆ ಸಾಧನ ಕೊಡುವ ಫಲದಲ್ಲಿ ಕಾಲವಲಯ ಸೇರಿರುವುದಿಲ್ಲ. ಬರಿಯ ಗಂಟೆ ನಿಮಿಷಗಳು ಮಾತ್ರ ಉಳಿಯುತ್ತವೆ. ಹೆಸರನ್ನು ಓದಿತು, ಆದುದರಿಂದ ಅರ್ಥವನ್ನೂ ತಿಳಿಯಿತು ಎಂದು ನಂಬುವುದು ಸರಿಯಲ್ಲ. ಸಂಕ್ಷೇಪವು ಮನುಷ್ಯರ ಕಣ್ಣಿಗೆ ತೋರಿಸಲು ಯೋಗ್ಯ. ಲೆಕ್ಕಕ್ಕೆ ಆಧಾರವಾಗಲು ಯೋಗ್ಯವಲ್ಲ.

ಅಂಕಿಯಿಂದಲೇ ಹೆಸರಿಸಿದರೆ ಸಾಲದೆ?

ಹೆಸರಿನ ಗೊಡವೆಯೇ ಬೇಡ, ಜಾಗತಿಕ ಕಾಲವಾದ ಯು.ಟಿ.ಸಿ.ಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಎಂಬ ಅಂತರವನ್ನು ಅಂಕಿಯಲ್ಲಿ ಬರೆದರಾಯಿತು ಎಂದು ಯಾರಿಗಾದರೂ ತೋರಬಹುದು. ಭಾರತಕ್ಕೆ ಕೂಡಿಸು 5:30, ನೇಪಾಳಕ್ಕೆ ಕೂಡಿಸು 5:45. ಪೈಥಾನ್ ಭಾಷೆಗೆ 2011ರಲ್ಲಿ, ಅದರ 3.2ನೆಯ ಆವೃತ್ತಿಯಲ್ಲಿ, ಇಂತಹ ಸ್ಥಿರ ಅಂತರದ ಕಾಲವಲಯ ಸೇರಿತು. ಆಗಿಹೋದ ಒಂದು ಕ್ಷಣವನ್ನು ಗುರುತಿಸಲು ಇದು ನಿಸ್ಸಂದೇಹವಾಗಿ ಸಾಕು.

ಆದರೆ ಅಂತರ ಬೇರೆ, ನಿಯಮ ಬೇರೆ. ಲಂಡನ್ ಚಳಿಗಾಲದಲ್ಲಿ ಸೊನ್ನೆಯ ಅಂತರದಲ್ಲಿಯೂ ಬೇಸಗೆಯಲ್ಲಿ ಒಂದು ಗಂಟೆಯ ಅಂತರದಲ್ಲಿಯೂ ಇರುತ್ತದೆ. "ಇಂದು ಲಂಡನ್ನಿನ ಅಂತರ ಒಂದು ಗಂಟೆ" ಎಂಬ ಮಾತಿನಿಂದ ಆರು ತಿಂಗಳ ನಂತರದ ಅಂತರ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಈ ತೊಡಕಿಲ್ಲವೆಂದು ನಾವು ಸಮಾಧಾನ ಪಡುವಂತೆಯೂ ಇಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಆಗ ನಮ್ಮ ಅಂತರ ಆರೂವರೆ ಗಂಟೆ. 1944ರ ಜನವರಿ 14ರಂದು ಬೆಳಿಗ್ಗೆ 6 ಗಂಟೆ ಎಂದು ಆ ಕಾಲದ ಗಡಿಯಾರ ನೋಡಿ ಬರೆದಿಟ್ಟ ಜನನದ ವೇಳೆಯನ್ನು ಇಂದಿನ ಐದೂವರೆ ಗಂಟೆಯ ಲೆಕ್ಕದಲ್ಲಿ ಜಾಗತಿಕ ಕಾಲಕ್ಕೆ ತಿರುಗಿಸಿದರೆ ಪೂರಾ ಒಂದು ಗಂಟೆ ತಪ್ಪುತ್ತದೆ.

ಅಂಕಿಯ ಹೆಸರುಗಳಲ್ಲಿ ಚಿಹ್ನೆಯ ಮೋಸವೂ ಒಂದುಂಟು. ಯೂನಿಕ್ಸ್ ವ್ಯವಸ್ಥೆಯ ಹಳೆಯ ಸಂಪ್ರದಾಯದಂತೆ "ಇಟಿಸಿ/ಜಿಎಂಟಿ+5" ಎಂಬ ಹೆಸರಿನ ಅರ್ಥ ಗ್ರೀನಿಚ್ಚಿಗಿಂತ 5 ಗಂಟೆ ಹಿಂದೆ ಎಂದು, ಮುಂದೆ ಎಂದಲ್ಲ. ಅಲ್ಲಿ ಪಶ್ಚಿಮಕ್ಕೆ ಕೂಡಿಸುವ ಚಿಹ್ನೆ. ಸಾಮಾನ್ಯ ರೂಢಿಯನ್ನು ನಂಬಿ ಅದನ್ನು ಬಳಸಿದವರ ಲೆಕ್ಕ ಹತ್ತು ಗಂಟೆ ತಪ್ಪುತ್ತದೆ.

ಊರಿನ ಹೆಸರಿನ ಕೋಶ

ಹಾಗಾದರೆ ಬೇಕಾದುದೇನು? ಒಂದು ಪ್ರದೇಶದ ಗಡಿಯಾರಗಳು ಯಾವ ಯಾವ ದಿನ ಎಷ್ಟೆಷ್ಟು ಬದಲಾದವು ಎಂಬ ಸಂಪೂರ್ಣ ಚರಿತ್ರೆ, ಮತ್ತು ಆ ಚರಿತ್ರೆಗೆ ಒಂದು ಸ್ಥಿರವಾದ ಹೆಸರು. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಇಂತಹ ಕೋಶವನ್ನು ಕಟ್ಟಲಾರಂಭಿಸಿದರು. ಪಾಲ್ ಎಗ್ಗರ್ಟ್ ಎಂಬವರು ಅದನ್ನು ಬೆಳೆಸಿದರು. 2011ರಿಂದ ಅದು ಅಂತರ್ಜಾಲದ ಅಂಕಿಹೆಸರುಗಳನ್ನು ನೋಡಿಕೊಳ್ಳುವ 'ಅಯಾನಾ' ಎಂಬ ಸಂಸ್ಥೆಯ ಆಶ್ರಯದಲ್ಲಿದೆ. ಪ್ರಪಂಚದ ಬಹುಪಾಲು ಫೋನುಗಳೂ ಗಣಕಯಂತ್ರಗಳೂ ಗಂಟೆಯನ್ನು ತಿಳಿಯಲು ನೆಚ್ಚಿರುವುದು ಈ ಕೋಶವನ್ನೇ.

ಇದರಲ್ಲಿ ಹೆಸರಿಡುವ ಕ್ರಮ ಸರಳ. ಮೊದಲು ಖಂಡದ ಅಥವಾ ಸಾಗರದ ಹೆಸರು, ಬಳಿಕ ಒಂದು ಓರೆಗೆರೆ, ಬಳಿಕ ಆ ಪ್ರದೇಶದ ಪ್ರಮುಖ ಊರಿನ ಹೆಸರು: ಏಷ್ಯಾ/ಟೋಕಿಯೋ, ಯೂರೋಪ್/ಲಂಡನ್, ಅಮೆರಿಕಾ/ನ್ಯೂಯಾರ್ಕ್. ದೇಶದ ಹೆಸರನ್ನೇಕೆ ಇಡಲಿಲ್ಲ? ದೇಶಗಳು ಒಡೆಯುತ್ತವೆ, ಕೂಡುತ್ತವೆ, ಗಡಿಗಳು ಸರಿಯುತ್ತವೆ. ಊರು ಇದ್ದಲ್ಲಿಯೇ ಇರುತ್ತದೆ.

ಭಾರತಕ್ಕೆ ಇಲ್ಲಿ ಇರುವ ಹೆಸರು ಏಷ್ಯಾ/ಕೋಲ್ಕತಾ. ಬೆಂಗಳೂರು ಏಕಿಲ್ಲ ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದು ಸಹಜ. ಕೋಶದ ನಿಯಮವೇನೆಂದರೆ, 1970ರಿಂದ ಈಚೆಗೆ ಯಾವ ಪ್ರದೇಶದ ಗಡಿಯಾರಗಳೆಲ್ಲ ಒಂದೇ ಸಮನಾಗಿ ನಡೆದಿವೆಯೋ ಆ ಪ್ರದೇಶಕ್ಕೆ ಒಂದು ನಮೂದು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಅಂದಿನಿಂದ ಗಂಟೆ ಒಂದೇ ಆಗಿರುವುದರಿಂದ ಒಂದೇ ಹೆಸರು ಸಾಕಾಯಿತು. ಈ ನಿಯಮದಿಂದ ಒಂದು ನಷ್ಟವೂ ಉಂಟು. 1930ರ ಮುಂಬಯಿಯ ಗಂಟೆಗೆ ಕೋಶದಲ್ಲಿ ಪ್ರತ್ಯೇಕ ನಮೂದಿಲ್ಲ. ಆ ಊರಿನ ಹಳೆಯ ದಾಖಲೆಗಳನ್ನು ಅಭ್ಯಾಸ ಮಾಡುವವರು 39 ನಿಮಿಷದ ವ್ಯತ್ಯಾಸವನ್ನು ತಾವೇ ನೆನಪಿನಲ್ಲಿಡಬೇಕು.

ಊರಿನ ಹೆಸರೇ ಬದಲಾದರೆ? ಕಲ್ಕತ್ತ 2001ರಲ್ಲಿ ಅಧಿಕೃತವಾಗಿ ಕೋಲ್ಕತ್ತ ಆಯಿತು. ಕೋಶದಲ್ಲಿ ಹೆಸರು ತಿದ್ದಿದ್ದು 2008ರಲ್ಲಿ. ಉಕ್ರೇನಿನ ಯೂರೋಪ್/ಕಿಯೆವ್ 2022ರಲ್ಲಿ ಯೂರೋಪ್/ಕೀವ್ ಆಯಿತು. ಹಳೆಯ ಹೆಸರನ್ನು ಅಳಿಸಿಹಾಕಿದ್ದರೆ ಲಕ್ಷಾಂತರ ಹಳೆಯ ಕ್ರಮವಿಧಿಗಳು ಒಮ್ಮೆಲೇ ನಿಂತುಹೋಗುತ್ತಿದ್ದವು. ಆದುದರಿಂದ ಹಳೆಯ ಹೆಸರು ಹೊಸದರ ಕಡೆಗೆ ಕೈತೋರುವ ಕೊಂಡಿಯಾಗಿ ಉಳಿಯುತ್ತದೆ. ಏಷ್ಯಾ/ಕಲ್ಕತ್ತಾ ಎಂದು ಕೇಳಿದರೂ ದೊರೆಯುವ ಗಂಟೆ ಅದೇ. ಇಂತಹ ಕೊಂಡಿಗಳೂ ಸೇರಿ ಕೋಶದಲ್ಲಿ ಇಂದು ಸುಮಾರು 600 ಹೆಸರುಗಳಿವೆ.

ಪೈಥಾನ್ ಹಿಡಿದ ದಾರಿ

ಪೈಥಾನ್ ಭಾಷೆಗೆ ದಿನಾಂಕದ ಉಪಕರಣ ಸೇರಿದ್ದು 2003ರಲ್ಲಿ. ಅದರಲ್ಲಿ ಕಾಲವಲಯಕ್ಕೆ ಒಂದು ಖಾಲಿ ಚೌಕಟ್ಟನ್ನು ಮಾತ್ರ ಮಾಡಿಟ್ಟು, ಒಳಗಿನ ವಿವರಗಳನ್ನು ಬಳಸುವವರಿಗೇ ಬಿಟ್ಟಿದ್ದರು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಭಾಷೆಯ ಹೊಸ ಆವೃತ್ತಿ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತದೆ. ಸರ್ಕಾರಗಳು ಗಂಟೆಯನ್ನು ಬದಲಿಸಲು ಅಷ್ಟು ದಿನ ಕಾಯುವುದಿಲ್ಲ. ಕೋಶವನ್ನು ಭಾಷೆಯೊಳಗೆ ಹೊಲಿದುಬಿಟ್ಟರೆ ಅದು ಬೇಗನೆ ಹಳೆಯ ಪಂಚಾಂಗದಂತಾಗುತ್ತದೆ.

ಹದಿನೇಳು ವರ್ಷ ಈ ಚೌಕಟ್ಟನ್ನು ಹೊರಗಿನವರು ಮಾಡಿದ ಸಾಧನಗಳು ತುಂಬಿದವು. ಅವುಗಳಲ್ಲಿ ಪೈಟಿಝಡ್ ಎಂಬುದು ಪ್ರಸಿದ್ಧ. ಅದರಲ್ಲಿ ಒಂದು ವಿಚಿತ್ರವಿದ್ದಿತು. ಏಷ್ಯಾ/ಕೋಲ್ಕತಾ ವಲಯವನ್ನು ಒಂದು ದಿನಾಂಕಕ್ಕೆ ನೇರವಾಗಿ ಅಂಟಿಸಿದರೆ ಅಂತರ ಐದೂವರೆ ಗಂಟೆ ಎಂದು ಬರದೆ 5 ಗಂಟೆ 53 ನಿಮಿಷ ಎಂದು ಬರುತ್ತಿತ್ತು. ಎಷ್ಟೋ ಮಂದಿ ಇದನ್ನು ಯಂತ್ರದ ಚೇಷ್ಟೆಯೆಂದು ಬಗೆದರು. ವಾಸ್ತವವಾಗಿ ಅದು ಕೋಶದ ಮೊದಲನೆಯ ಸಾಲು. 1854ಕ್ಕೆ ಹಿಂದಿನ ಕಲ್ಕತ್ತದ ಸ್ಥಳೀಯ ಸರಾಸರಿ ಕಾಲ, 5 ಗಂಟೆ 53 ನಿಮಿಷ 28 ಸೆಕೆಂಡು. ದಿನಾಂಕವನ್ನು ನೋಡಿ ಸರಿಯಾದ ಸಾಲನ್ನು ಆರಿಸಿಕೊಳ್ಳಲು ಬೇರೊಂದು ಆಜ್ಞೆಯನ್ನು ಕೊಡಬೇಕಾಗಿತ್ತು. ಕೊಡದಿದ್ದರೆ ಮೊದಲ ಸಾಲೇ ಗತಿ.

2020ರ ಅಕ್ಟೋಬರಿನಲ್ಲಿ ಬಂದ 3.9ನೆಯ ಆವೃತ್ತಿಯಲ್ಲಿ, ಪಾಲ್ ಗ್ಯಾನ್ಸೆಲ್ ಎಂಬವರ ಪ್ರಸ್ತಾವದಂತೆ, ಝೋನ್‌ಇನ್ಫೋ ಎಂಬ ಉಪಕರಣ ಸ್ಟ್ಯಾಂಡರ್ಡ್ ಲೈಬ್ರರಿಗೆ ಸೇರಿತು. ಇದು ಕೋಶವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ಯಂತ್ರದಲ್ಲಿ ಆಗಲೇ ಇರುವ ಕೋಶವನ್ನು ಓದುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಆ ಕೋಶ ಇರುವುದಿಲ್ಲವಾದುದರಿಂದ ಟಿಝಡ್‌ಡೇಟಾ ಎಂಬ ಪ್ರತ್ಯೇಕ ಕಟ್ಟನ್ನು ತಂದು ಸೇರಿಸಿಕೊಳ್ಳಬೇಕು. ಭಾಷೆ ಹಳೆಯದೇ ಇದ್ದರೂ ಕೋಶವನ್ನು ಮಾತ್ರ ಹೊಸದಾಗಿಸಬಹುದಾದ್ದು ಇದರ ಗುಣ. ಏಷ್ಯಾ/ಕೋಲ್ಕತಾ ಎಂದು ಕೇಳಿದರೆ ಈ ಉಪಕರಣ ದಿನಾಂಕವನ್ನು ನೋಡಿ 1944ಕ್ಕೆ ಆರೂವರೆ, 1950ಕ್ಕೆ ಐದೂವರೆ ಎಂದು ತಾನೇ ಆರಿಸುತ್ತದೆ. ಏಷ್ಯಾ/ಬೆಂಗಳೂರು ಎಂದು ಕೇಳಿದರೆ ಊಹೆ ಮಾಡಲು ಹೋಗದೆ, ಅಂತಹ ವಲಯ ದೊರೆಯಲಿಲ್ಲವೆಂದು ತಿಳಿಸಿ ನಿಲ್ಲುತ್ತದೆ. ಊಹಿಸಿ ತಪ್ಪುವುದಕ್ಕಿಂತ ನಿಲ್ಲುವುದು ಮೇಲು.

ಎರಡು ಸಲ ಬರುವ ಗಂಟೆ

ವಲಯದ ಹೆಸರು ಸರಿಯಾಗಿದ್ದರೂ ಒಂದು ಸಂದೇಹ ಉಳಿಯುತ್ತದೆ. 2025ರ ನವೆಂಬರ್ 2ರಂದು ನ್ಯೂಯಾರ್ಕಿನಲ್ಲಿ ಬೇಸಗೆಯ ಕಾಲ ಮುಗಿದು, ರಾತ್ರಿ 2 ಗಂಟೆಗೆ ಗಡಿಯಾರಗಳನ್ನು 1 ಗಂಟೆಗೆ ಹಿಂದಿಟ್ಟರು. ಆ ರಾತ್ರಿ ಒಂದೂವರೆ ಗಂಟೆ ಎರಡು ಸಲ ಬಂದಿತು. ಮೊದಲ ಸಲ ಬಂದಾಗ ಭಾರತದಲ್ಲಿ ಬೆಳಿಗ್ಗೆ 11 ಗಂಟೆ, ಎರಡನೆಯ ಸಲ ಬಂದಾಗ ಮಧ್ಯಾಹ್ನ 12 ಗಂಟೆ. ಇದಕ್ಕಾಗಿ 2016ರಲ್ಲಿ ಪೈಥಾನ್ ಭಾಷೆ ಪ್ರತಿಯೊಂದು ಗಂಟೆಗೂ ಫೋಲ್ಡ್ ಎಂಬ ಗುರುತನ್ನು ಸೇರಿಸಿತು. ಅದು ಸೊನ್ನೆಯಾಗಿದ್ದರೆ ಮೊದಲನೆಯ ಒಂದೂವರೆ, ಒಂದಾಗಿದ್ದರೆ ಎರಡನೆಯದು. ಅದೇ ವರ್ಷದ ಮಾರ್ಚ್ 9ರಂದಾದರೋ ಗಡಿಯಾರ 2ರಿಂದ ನೇರವಾಗಿ 3ಕ್ಕೆ ನೆಗೆದಿದ್ದರಿಂದ ಅಲ್ಲಿ ಎರಡೂವರೆ ಗಂಟೆ ಬರಲೇ ಇಲ್ಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡೋಣ. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಒಬ್ಬ ದಾದಿ 2025ರ ನವೆಂಬರ್ 1ರ ರಾತ್ರಿ 10 ಗಂಟೆಗೆ ಕೆಲಸಕ್ಕೆ ಬಂದು ಮರುದಿನ ಬೆಳಿಗ್ಗೆ 6 ಗಂಟೆಗೆ ಹೊರಟಳೆನ್ನಿ. ಅವಳು ದುಡಿದದ್ದು 9 ಗಂಟೆ. ಆದರೆ ಎರಡು ಗಂಟೆಗಳಿಗೂ ಅಮೆರಿಕಾ/ನ್ಯೂಯಾರ್ಕ್ ಎಂಬ ಒಂದೇ ವಲಯ ಇರುವಾಗ ಪೈಥಾನ್ ಒಂದರಿಂದ ಇನ್ನೊಂದನ್ನು ಕಳೆದು 8 ಎಂದು ಹೇಳುತ್ತದೆ. ಒಂದೇ ವಲಯದೊಳಗಿನ ಕಳೆಯುವಿಕೆಯಲ್ಲಿ ಅದು ಗೋಡೆಯ ಗಡಿಯಾರದ ಅಂಕಿಗಳನ್ನು ಮಾತ್ರ ನೋಡುತ್ತದೆ. ಎರಡನ್ನೂ ಮೊದಲು ಯು.ಟಿ.ಸಿ.ಗೆ ತಿರುಗಿಸಿ ಅನಂತರ ಕಳೆದರೆ 9 ದೊರೆಯುತ್ತದೆ. ಈ ಒಂದು ಹೆಜ್ಜೆಯನ್ನು ಬಿಟ್ಟರೆ ದಾದಿಗೆ ಒಂದು ಗಂಟೆಯ ಸಂಬಳ ನಷ್ಟ.

ಮುಂದೆ ಬರುವ ಗಂಟೆ

ಹಾಗಾದರೆ ಎಲ್ಲವನ್ನೂ ಯು.ಟಿ.ಸಿ.ಯಲ್ಲಿಯೇ ಬರೆದಿಟ್ಟರೆ ಆಗದೆ? ಆಗಿಹೋದ ಸಂಗತಿಗಳಿಗೆ ಇದು ಸರಿ. ಮುಂದೆ ಆಗಬೇಕಾದವುಗಳಿಗೆ ಸರಿಯಲ್ಲ. ಕಜಾಕ್‌ಸ್ತಾನದ ಅಲ್ಮಾಟಿ ನಗರ 2024ರ ಮಾರ್ಚ್ 1ರಂದು 6 ಗಂಟೆಯ ಅಂತರವನ್ನು ಬಿಟ್ಟು 5 ಗಂಟೆಯ ಅಂತರಕ್ಕೆ ಬಂದಿತು. 2024ರ ಮಾರ್ಚ್ 4ರ ಬೆಳಿಗ್ಗೆ 10 ಗಂಟೆಗೆ ಅಲ್ಲಿ ಒಂದು ಪರೀಕ್ಷೆಯನ್ನು 2023ರಲ್ಲಿಯೇ ಗೊತ್ತುಮಾಡಿ, ಅದನ್ನು ಯು.ಟಿ.ಸಿ. 4 ಗಂಟೆ ಎಂದು ಬರೆದಿಟ್ಟಿದ್ದರೆ, ಆ ದಿನ ಅದು ಅಲ್ಲಿನ 9 ಗಂಟೆಯಾಗಿ ಕಾಣಿಸುತ್ತಿತ್ತು. "10 ಗಂಟೆ, ಏಷ್ಯಾ/ಅಲ್ಮಾಟಿ" ಎಂದು ಬರೆದಿಟ್ಟವರ ಲೆಕ್ಕ, ಕೋಶವನ್ನು ಹೊಸದಾಗಿಸಿದೊಡನೆ, ತಾನಾಗಿಯೇ ಸರಿಹೋಗುತ್ತಿತ್ತು.

ಕೋಶಕ್ಕೂ ಸಮಯ ಸಾಲದೆ ಹೋಗುವ ಸಂದರ್ಭಗಳಿವೆ. 2023ರ ಮಾರ್ಚ್ ತಿಂಗಳ ಕೊನೆಯಲ್ಲಿ ಲೆಬನಾನ್ ಸರ್ಕಾರ ಬೇಸಗೆಯ ಕಾಲವನ್ನು ಮುಂದೂಡುವುದಾಗಿ ಕೆಲವೇ ದಿನ ಮೊದಲು ಸಾರಿತು. ಹಲವು ಸಂಸ್ಥೆಗಳು ಅದನ್ನು ಒಪ್ಪದೆ ಹಳೆಯ ನಿಯಮದಂತೆ ಗಡಿಯಾರ ತಿರುಗಿಸಿದವು. ಒಂದೇ ನಗರದಲ್ಲಿ ಎರಡು ಗಂಟೆ ನಡೆದು, ಕೆಲವೇ ದಿನಗಳಲ್ಲಿ ಸರ್ಕಾರ ತನ್ನ ಆಜ್ಞೆಯನ್ನು ಹಿಂತೆಗೆಯಬೇಕಾಯಿತು. ಇಂತಹ ಗೊಂದಲವನ್ನು ಯಾವ ಕ್ರಮವಿಧಿಯೂ ಮುಂದಾಗಿ ತಿಳಿಯಲಾರದು.

ಮೇಲಿನ ವಿಚಾರವನ್ನು ನಾಲ್ಕು ಮಾತುಗಳಲ್ಲಿ ಸಂಗ್ರಹಿಸಬಹುದು. ಒಂದು: ಸಂಕ್ಷೇಪಾಕ್ಷರಗಳನ್ನು ತೋರಿಸಲು ಬಳಸಬೇಕು, ಲೆಕ್ಕಕ್ಕೆ ಬಳಸಬಾರದು. ಎರಡು: ಆಗಿಹೋದ ಕ್ಷಣವನ್ನು ಯು.ಟಿ.ಸಿ.ಯಲ್ಲಿ ಬರೆದಿಡಬೇಕು. ಮೂರು: ಮುಂದಿನ ನಿಶ್ಚಯವನ್ನು ಆ ಊರಿನ ಗಂಟೆ ಮತ್ತು ವಲಯದ ಪೂರ್ಣ ಹೆಸರಿನೊಡನೆ ಬರೆದಿಡಬೇಕು. ನಾಲ್ಕು: ಕಳೆದ ಅವಧಿಯನ್ನು ಅಳೆಯುವ ಮೊದಲು ಎರಡು ತುದಿಗಳನ್ನೂ ಯು.ಟಿ.ಸಿ.ಗೆ ತರಬೇಕು.

ಅಭ್ಯಾಸಕ್ಕಾಗಿ

ವಾಚಕರು ಈ ಕೆಳಗಿನ ಲೆಕ್ಕಗಳನ್ನು ಮೊದಲು ಕಾಗದದ ಮೇಲೆ ಮಾಡಿ, ಅನಂತರ ಸಾಧ್ಯವಾದರೆ ಗಣಕಯಂತ್ರದಲ್ಲಿ ಪರೀಕ್ಷಿಸಿ ನೋಡಬಹುದು.

1. ಲಂಡನ್ನಿನಲ್ಲಿ 2025ರ ಜುಲೈ 10ರ ಸಂಜೆ 6 ಗಂಟೆ, ಮತ್ತು ಡಿಸೆಂಬರ್ 10ರ ಸಂಜೆ 6 ಗಂಟೆ. ಆಗ ಭಾರತದಲ್ಲಿ ಎಷ್ಟು ಗಂಟೆ?

2. ಮೇಲೆ ಹೇಳಿದ ದಾದಿ 2025ರ ಮಾರ್ಚ್ 8ರ ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಕೆಲಸ ಮಾಡಿದ್ದರೆ ಅವಳು ದುಡಿದದ್ದು ಎಷ್ಟು ಗಂಟೆ?

3. 1943ರ ಆಗಸ್ಟ್ 15ರಂದು ಭಾರತದ ಪ್ರಮಾಣ ಗಡಿಯಾರ ಬೆಳಿಗ್ಗೆ 10 ಗಂಟೆ ತೋರಿಸುತ್ತಿದ್ದಾಗ ಗ್ರೀನಿಚ್ ಕಾಲವೆಷ್ಟು?

ಉತ್ತರಗಳು: (1) ರಾತ್ರಿ ಹತ್ತೂವರೆ, ರಾತ್ರಿ ಹನ್ನೊಂದೂವರೆ. (2) 7 ಗಂಟೆ. (3) ಬೆಳಗಿನ ಜಾವ ಮೂರೂವರೆ.